ಎಪ್ಪತ್ತೆರಡು ಲಕ್ಷದ ಲೆಕ್ಕ: ನಮ್ಮ ಮಾವನವರ ಅಪಹರಣ, ಆಮೇಲಿನ ಹನ್ನೊಂದು ತಿಂಗಳು

ಕಳೆದ ವಾರ ಕೋರ್ಟಿನಿಂದ ನಮ್ಮ 6 ಲಕ್ಷದ 40 ಸಾವಿರ ರೂಪಾಯಿ ವಾಪಸ್ ಬಂತು. ನನ್ನ ಫೋನ್ ಇನ್ನೂ ಬಂದಿಲ್ಲ. ಹನ್ನೊಂದು ತಿಂಗಳ ಹಿಂದೆ, ಗಣೇಶನ ಹಬ್ಬ ಕಳೆದ ವಾರದಲ್ಲಿ, ನಮ್ಮ ಮಾವನವರನ್ನು ದುಡ್ಡಿಗಾಗಿ ಎತ್ತಿಕೊಂಡು ಹೋಗಿದ್ದರು. ಮೂರನೇ ದಿನ ಬೆಳಗ್ಗೆ ಜೀವಂತ ಸಿಕ್ಕಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಕೊನೆ ತನಕ ಎದೆ ಹಿಡಿದುಕೊಂಡು ಕೂರೋದು ಬೇಡ. ಆ ಎರಡು ದಿನ ನಮಗೆ ಯಾರನ್ನು ಕೇಳಬೇಕು, ಏನು ಹೇಳಬೇಕು, ಏನು ಹೇಳಬಾರದು ಅನ್ನೋದೇ ಗೊತ್ತಿರಲಿಲ್ಲ. ಆಮೇಲಿನ ತಿಂಗಳುಗಳಲ್ಲೂ ಅಷ್ಟೇ, ಒಂದೊಂದು ಕಾಗದಕ್ಕೂ ನಾಲ್ಕು ಸಲ ಓಡಾಡಿ ಕಲಿತೆವು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕೋಲಾರ. ಮಾವನವರು ಇಲ್ಲಿನ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟು ಮೂವತ್ತು ವರ್ಷ ಆಯಿತು. 2023ರ ಜುಲೈನಲ್ಲಿ ಇಲ್ಲಿ 15 ಕೆಜಿಯ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಆವತ್ತಿಂದ ಮಂಡಿಯವರೆಲ್ಲ ಕೋಟ್ಯಧಿಪತಿಗಳು ಅಂತ ಊರಲ್ಲಿ ಮಾತು. ಬಾಕ್ಸ್ ನೂರು ರೂಪಾಯಿಗೂ ಹೋಗದ ದಿನಗಳನ್ನು ಯಾರೂ ನೆನಪಿಟ್ಟುಕೊಳ್ಳಲ್ಲ. ಆದರೂ ನಾವು ಅನುಕೂಲಸ್ಥರೇ, ಅದನ್ನು ಮುಚ್ಚಿಡೋದಿಲ್ಲ. ಮನೆ, ಎರಡು ಕಾರು, ಶ್ರೀನಿವಾಸಪುರ ರಸ್ತೆಯಲ್ಲಿ ತೋಟ. ವೇಮಗಲ್ ಕಡೆ ಇದ್ದ ಎರಡು ಎಕರೆ ಜಮೀನನ್ನು ಆಗ ಮಾರುವ ಮಾತುಕತೆ ನಡೆದಿತ್ತು. ಈ ಜಮೀನಿನ ವಿಷಯ ಮುಂದೆ ಬರುತ್ತೆ.

ಆವತ್ತು ಗುರುವಾರ. ಮಾವನವರು ದಿನಾ ಬೆಳಗ್ಗೆ ಐದು ಗಂಟೆ ಹೊತ್ತಿಗೆ ಎದ್ದು ತೋಟಕ್ಕೆ ಹೋಗಿ, ಅಲ್ಲಿಂದ ಮಂಡಿಗೆ ಹೋಗುತ್ತಾರೆ. ಕಾರು ಅವರೇ ಓಡಿಸೋದು. ಆವತ್ತು ಐದು ಗಂಟೆ ಹತ್ತು ನಿಮಿಷಕ್ಕೆ ಗೇಟು ತೆಗೆದ ಸದ್ದು ನನಗೆ ನಿದ್ದೆಗಣ್ಣಲ್ಲಿ ಕೇಳಿಸಿತ್ತು. ಎಂಟೂವರೆಗೆ ಮಂಡಿಯಿಂದ ಫೋನ್ ಬಂತು, ‘ಅಣ್ಣ ಇನ್ನೂ ಬಂದಿಲ್ಲ’ ಅಂತ. ಅವರ ಮೊಬೈಲ್ ಸ್ವಿಚ್ ಆಫ್. ನಮ್ಮ ಯಜಮಾನರು ತೋಟದ ಕಡೆ ಹೊರಟರು. ದಾರಿಯಲ್ಲೇ, ನೀಲಗಿರಿ ತೋಪಿನ ಪಕ್ಕ, ಕಾರು ನಿಂತಿತ್ತು. ಬಾಗಿಲು ತೆರೆದಿತ್ತು, ಕೀ ಅದರಲ್ಲೇ ಇತ್ತು, ಒಂದು ಚಪ್ಪಲಿ ಕೆಳಗೆ ಬಿದ್ದಿತ್ತು.

ಯಜಮಾನರು ಗಾಬರಿಯಲ್ಲಿ ಆ ಕಾರನ್ನು ಓಡಿಸಿಕೊಂಡು ಮನೆಗೆ ತಂದುಬಿಟ್ಟರು. ದಯವಿಟ್ಟು ಹಾಗೆ ಮಾಡಬೇಡಿ. ಸ್ಟೇರಿಂಗ್, ಬಾಗಿಲ ಹಿಡಿ, ಸೀಟು ಎಲ್ಲ ಕಡೆ ಬೆರಳಚ್ಚು ಇರುತ್ತೆ, ನೆಲದಲ್ಲಿ ಇನ್ನೊಂದು ಗಾಡಿಯ ಟೈರಿನ ಗುರುತು ಇರುತ್ತೆ. ಕಾರು ಎಲ್ಲಿದೆಯೋ ಅಲ್ಲೇ ಬಿಟ್ಟು, ದೂರದಿಂದ ನಾಲ್ಕು ಫೋಟೋ ತೆಗೆದು, 112ಕ್ಕೆ ಫೋನ್ ಮಾಡಬೇಕಿತ್ತು. ಸಂಜೆ ಬೆರಳಚ್ಚಿನವರು ಬಂದಾಗ ಸಿಕ್ಕಿದ್ದರಲ್ಲಿ ಹೆಚ್ಚಿನವು ನಮ್ಮ ಯಜಮಾನರದೇ ಆಗಿದ್ದವು.

ಹತ್ತೂ ಕಾಲಿಗೆ ಮಾವನವರ ನಂಬರಿನಿಂದಲೇ ನನ್ನ ಫೋನಿಗೆ ಕರೆ ಬಂತು. ಅವರೇ ಅಂದುಕೊಂಡು ‘ಮಾವ, ಎಲ್ಲಿದ್ದೀರ?’ ಅಂದೆ. ಬೇರೆ ಗಂಡಸಿನ ದನಿ. ತೆಲುಗು ಬೆರೆತ ಕನ್ನಡ. ಕೋಲಾರದಲ್ಲಿ ಅರ್ಧ ಊರು ಹಾಗೇ ಮಾತಾಡುತ್ತೆ, ಅದರಿಂದ ಏನೂ ತಿಳಿಯಲ್ಲ. ಮೂರು ಕೋಟಿ, ಪೊಲೀಸರಿಗೆ ಹೇಳಿದರೆ ಹೆಣ ಕೂಡ ಸಿಗಲ್ಲ ಅಂದ. ಕರೆ ಕಟ್ಟಾಯಿತು. ನನ್ನ ಕೈ ಎಷ್ಟು ನಡುಗುತ್ತಿತ್ತು ಅಂದರೆ ಫೋನು ಅತ್ತೆಯ ಮಡಿಲಿಗೆ ಬಿತ್ತು.

ಆಮೇಲೆ ಮೂರು ಗಂಟೆ ಮನೆಯಲ್ಲಿ ವಾದ. ಚಿಕ್ಕಮಾವ, ಅಂದರೆ ಮಾವನವರ ತಮ್ಮ, ಪೊಲೀಸರ ಹತ್ತಿರ ಹೋಗೋದೇ ಬೇಡ ಅಂದರು. ದುಡ್ಡು ಹೋದರೆ ಹೋಗಲಿ, ಅಣ್ಣ ಬಂದರೆ ಸಾಕು ಅಂತ. ಅವರ ಭಯ ನನಗೆ ಅರ್ಥವಾಗುತ್ತಿತ್ತು. ಆದರೆ ಮಾವನವರಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಮಾತ್ರೆ ಡಬ್ಬಿ ಮನೆಯಲ್ಲೇ ಕೂತಿತ್ತು. ನಾವು ಮೂರು ಕೋಟಿ ಹೊಂದಿಸಿಕೊಂಡು ಹೋಗೋ ಹೊತ್ತಿಗೆ ಅವರ ಗತಿ ಏನು? ಕೊನೆಗೆ ಅತ್ತೆ ಎದ್ದು ನಿಂತು, ‘ನೀನು ಹೋಗಿ ಕಂಪ್ಲೇಂಟ್ ಕೊಟ್ಟು ಬಾಮ್ಮ, ನಾನು ಹೇಳ್ತಿದ್ದೀನಿ’ ಅಂದರು. ಮಧ್ಯಾಹ್ನ ಒಂದೂವರೆ ಆಗಿತ್ತು.

ಮೊದಲು ಹೋದ ಠಾಣೆಯಲ್ಲಿ, ಕಾರು ಸಿಕ್ಕ ಜಾಗ ನಮ್ಮ ಸರಹದ್ದಿಗೆ ಬರಲ್ಲ, ಇನ್ನೊಂದು ಠಾಣೆಗೆ ಹೋಗಿ ಅಂದರು. ನಾನು ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಅಲ್ಲಿದ್ದ ಒಬ್ಬ ಹಿರಿಯ ಹೆಡ್ ಕಾನ್‌ಸ್ಟೇಬಲ್ ಹತ್ತಿರ ಬಂದು ಮೆಲ್ಲಗೆ, ‘ಜೀರೋ ಎಫ್‌ಐಆರ್ ಮಾಡ್ಕೊಡಿ ಅಂತ ಕೇಳಮ್ಮ’ ಅಂದರು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬರೆದುಕೊಂಡು ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸೋದು ಅವರ ಕೆಲಸ. ತಗೊಳ್ಳಲ್ಲ ಅಂದರೆ ಎಸ್‌ಪಿಯವರಿಗೆ ಬರಹದಲ್ಲಿ ಕಳಿಸಬಹುದು. ನಾನು ಆ ಎರಡು ಪದ ಹೇಳಿದ ಮೇಲೆ ಒಳಗೆ ಕೂರಿಸಿದರು. ಎಸ್‌ಪಿ ಆಫೀಸಿಗೆ ಫೋನ್ ಹೋಯಿತು. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಎಫ್‌ಐಆರ್ ಪ್ರತಿ ಕೈಗೆ ಬಂತು. ಪ್ರತಿ ಉಚಿತ, ಕೇಳಿ ತಗೊಳ್ಳಿ. ಹಳೇ ಕಾನೂನಲ್ಲಿ ಇದಕ್ಕೆ 364ಎ ಅಂತಿದ್ದರು, ಈಗ ಭಾರತೀಯ ನ್ಯಾಯ ಸಂಹಿತೆಯ 140(2). ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ತನಕ ಹೋಗುವ ಅಪರಾಧ.

ದೂರು ಬರೆಯುವಾಗ ಹೆಸರು, ಇನಿಷಿಯಲ್, ಫೋನ್ ನಂಬರ್, ಕಾರಿನ ನಂಬರ್ ಎಲ್ಲ ಆಧಾರ್ ಮತ್ತು ಆರ್‌ಸಿ ನೋಡಿಯೇ ಬರೆಸಿ. ನಾನು ಮಾವನವರ ಇನಿಷಿಯಲ್ ಒಂದನ್ನು ಬಿಟ್ಟಿದ್ದೆ. ಅದನ್ನು ಸರಿ ಮಾಡಿಸೋಕೆ ಆಮೇಲೆ ಮೂರು ಸಲ ಓಡಾಡಿದೆವು.

ಸಂಜೆ ಆರು ಗಂಟೆಗೆ ತನಿಖಾಧಿಕಾರಿ ಮನೆಗೆ ಬಂದರು. ಐಒ ಅಂತಾರೆ ಎಲ್ಲರೂ. ಸರ್ಕಲ್ ಇನ್ಸ್‌ಪೆಕ್ಟರ್. ಜೀಪಿನಲ್ಲಿ ಬರಲಿಲ್ಲ, ಮಫ್ತಿಯಲ್ಲಿ, ಯಾರದ್ದೋ ಹಳೇ ಮಾರುತಿ ಕಾರಿನಲ್ಲಿ ಬಂದರು. ಜೊತೆಗೆ ಚೂಡಿದಾರ ಹಾಕಿದ ಒಬ್ಬ ಹೆಂಗಸು. ಅವರು ಪಿಎಸ್‌ಐ ಮೇಡಂ. ‘ಇವರು ಇನ್ಮೇಲೆ ನಿಮ್ಮ ಅಕ್ಕ, ಇಲ್ಲೇ ಇರ್ತಾರೆ’ ಅಂದರು ಐಒ. ಬೀದಿಯವರು ಕೇಳಿದರೆ ಮಾವನವರು ತಿರುಪತಿಗೆ ಹೋಗಿದ್ದಾರೆ ಅನ್ನಬೇಕು. ಅದನ್ನೇ ನನ್ನ ಏಳು ವರ್ಷದ ಮಗಳಿಗೂ ಹೇಳಿದೆವು. ಅವಳು ‘ತಾತ ಲಾಡು ತರ್ತಾರಾ?’ ಅಂತ ಕೇಳಿದಾಗ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಐಒ ಮೃದು ಮಾತಿನ ಮನುಷ್ಯ. ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್. ಮನೆಯಲ್ಲಿದ್ದ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿಕೊಂಡು ಕೇಳಿದರು. ಮಾವನವರು ಎಷ್ಟು ಹೊತ್ತಿಗೆ ಏಳುತ್ತಾರೆ ಅಂತ ಯಾರ್‍ಯಾರಿಗೆ ಗೊತ್ತು? ಎರಡು ವರ್ಷದಲ್ಲಿ ಕೆಲಸ ಬಿಟ್ಟವರು ಯಾರು, ಬಿಡಿಸಿದ್ದು ಯಾಕೆ? ಯಾರಿಗೆ ಸಾಲ ಕೊಟ್ಟಿದ್ದೀರಿ? ಮನೆಯೊಳಗೆ ಆಸ್ತಿ ಜಗಳ ಇದೆಯಾ? ಕೊನೇ ಪ್ರಶ್ನೆಗೆ ನಮ್ಮ ಯಜಮಾನರಿಗೆ ಸಿಟ್ಟು ಬಂತು. ‘ನಮ್ಮ ಮನೆಯವರ ಮೇಲೇ ಅನುಮಾನನಾ ಸಾರ್?’ ಅಂದರು. ಐಒ ‘ಅನುಮಾನ ಅಲ್ಲ ಸಾರ್, ನಿಮ್ಮ ಮನೆ ಒಳಗಿನ ಸುದ್ದಿ ಹೊರಗೆ ಹೋಗೋ ಬಾಗಿಲು ಯಾವುದು ಅಂತ ಹುಡುಕ್ತಿದ್ದೀನಿ’ ಅಂದರು. ಈ ಪ್ರಶ್ನೆಗಳು ನಿಮಗೂ ಬರುತ್ತವೆ. ಅವಮಾನ ಅಂತ ತಿಳಿಯಬೇಡಿ, ಉತ್ತರ ಕೊಡಿ.

ನನಗೆ ಹೇಳಿಕೊಟ್ಟಿದ್ದು ಇಷ್ಟು. ಫೋನ್ ನಾನೊಬ್ಬಳೇ ಎತ್ತಬೇಕು. ಎಲ್ಲ ಕರೆ ರೆಕಾರ್ಡ್ ಆಗಬೇಕು. ಇಲ್ಲ ಅನ್ನಬಾರದು, ಹೂಂ ಅಂತಲೂ ಅನ್ನಬಾರದು. ಹೊಂದಿಸ್ತಿದ್ದೀವಿ, ಟೈಮ್ ಕೊಡಿ ಅನ್ನಬೇಕು. ಮತ್ತೆ, ಮಾವನವರು ಬದುಕಿದ್ದಾರೆ ಅಂತ ಖಾತ್ರಿ ಮಾಡಿಕೊಳ್ಳೋಕೆ ಅವರಿಗೆ ಮಾತ್ರ ಗೊತ್ತಿರೋ ಒಂದು ಪ್ರಶ್ನೆ ಕೇಳಬೇಕು. ಏನು ಕೇಳೋದು ಅಂತ ನಾವೆಲ್ಲ ಯೋಚಿಸುತ್ತಿದ್ದಾಗ ಅತ್ತೆ ತಲೆ ಬಗ್ಗಿಸಿಕೊಂಡು, ‘ಮದುವೆಯಾದ ಹೊಸದ್ರಲ್ಲಿ ನನ್ನ ಏನಂತ ಕರೀತಿದ್ರು ಅಂತ ಕೇಳು’ ಅಂದರು. ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷ ಇದ್ದಾಗ ಕರೆ ಬಂತು. ಕೇಳಿದೆ. ಆ ಕಡೆಯವನು ಬೈದು ಇಟ್ಟ. ಆ ರಾತ್ರಿ ಯಾರೂ ಮಲಗಲಿಲ್ಲ. ಬೆಳಗ್ಗೆ ಒಂಬತ್ತು ಇಪ್ಪತ್ತಕ್ಕೆ ಮತ್ತೆ ಕರೆ ಬಂದಾಗ ಅವನು ಮೊದಲು ಹೇಳಿದ್ದೇ ಆ ಹೆಸರು. ಸ್ಪೀಕರಿನಲ್ಲಿ ಅದನ್ನು ಕೇಳಿ ಅತ್ತೆ ಇಪ್ಪತ್ತೆಂಟು ಗಂಟೆಯಲ್ಲಿ ಮೊದಲ ಸಲ ನೀರು ಕುಡಿದರು. ಆ ಹೆಸರು ಇಲ್ಲಿ ಬರೆಯಲ್ಲ.

ಅದೇ ಕರೆಯಲ್ಲಿ ಅವನು ಇನ್ನೊಂದು ಮಾತು ಹೇಳಿದ. ಮೂರು ಕೋಟಿ ಆಗಲ್ಲ ಅಂತ ನಾನು ಅತ್ತಾಗ, ‘ಸರಿ, ಎಪ್ಪತ್ತೆರಡು ಲಕ್ಷ ಕೊಡಿ, ಅದಕ್ಕೆ ಒಂದು ರೂಪಾಯಿ ಕಮ್ಮಿ ಬೇಡ’ ಅಂದ. ಐಒ ನೋಟ್‌ಬುಕ್ಕಿನಲ್ಲಿ 72 ಅಂತ ಬರೆದು ಸುತ್ತ ಒಂದು ಗೆರೆ ಎಳೆದರು. ನಮ್ಮನ್ನೆಲ್ಲ ಹಾಲ್‌ನಲ್ಲಿ ಕೂರಿಸಿ ಕೇಳಿದರು: ‘ಎಪ್ಪತ್ತಲ್ಲ, ಎಪ್ಪತ್ತೈದಲ್ಲ. ಎಪ್ಪತ್ತೆರಡು ಯಾಕೆ?’ ಯಾರೂ ಮಾತಾಡಲಿಲ್ಲ. ಚಿಕ್ಕಮಾವ ನನ್ನ ಮುಖ ನೋಡಿದರು. ನಾನು ‘ಗೊತ್ತಿಲ್ಲ ಸಾರ್’ ಅಂದೆ.

ಗೊತ್ತಿತ್ತು. ವೇಮಗಲ್ ಜಮೀನಿಗೆ ಅಡ್ವಾನ್ಸ್ ಬಂದಿತ್ತು. ಕರಾರು ಪತ್ರದಲ್ಲಿ ಇದ್ದದ್ದು 20 ಲಕ್ಷದ ಚೆಕ್. ಪತ್ರದ ಹೊರಗೆ, ನಗದಾಗಿ, ಇನ್ನೊಂದು ದೊಡ್ಡ ಮೊತ್ತ ಬಂದಿತ್ತು. ಜಮೀನು ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮುಂಗಡ ನಗದಾಗಿ ತಗೊಳ್ಳೋ ಹಾಗಿಲ್ಲ, ತಗೊಂಡರೆ ಅಷ್ಟೇ ಮೊತ್ತ ದಂಡ ಬೀಳಬಹುದು. ಅದು ಎಲ್ಲರಿಗೂ ಗೊತ್ತು, ಎಲ್ಲರೂ ತಗೊಳ್ಳುತ್ತಾರೆ. ನಾವೂ ತಗೊಂಡಿದ್ದೆವು. ತಪ್ಪು ಮಾಡಿದ್ದೆವು. ಪೊಲೀಸರಿಗೆ ಹೇಳಿದರೆ ಇನ್‌ಕಂ ಟ್ಯಾಕ್ಸ್‌ನವರಿಗೆ ಗೊತ್ತಾಗುತ್ತೆ ಅನ್ನೋ ಭಯಕ್ಕೆ ಬಾಯಿ ಮುಚ್ಚಿಕೊಂಡು ಕೂತೆವು.

ಶುಕ್ರವಾರ ಮಧ್ಯಾಹ್ನ ನೆಂಟರೊಬ್ಬರು ಬೆಂಗಳೂರಿನ ಒಬ್ಬ ಖಾಸಗಿ ಪತ್ತೇದಾರನ ನಂಬರ್ ಕೊಟ್ಟರು. ಅವನು ಎರಡು ಲಕ್ಷ ಮುಂಗಡ ಕೇಳಿದ, ಒಂದು ಗಂಟೆಯಲ್ಲಿ ಕಾಲ್ ರೆಕಾರ್ಡ್ ತೆಗೆಸಿಕೊಡ್ತೀನಿ ಅಂದ. ಪಿಎಸ್‌ಐ ಮೇಡಂಗೆ ಹೇಳಿದ್ದಕ್ಕೆ, ಸಿಡಿಆರ್ (ಯಾರು ಯಾರಿಗೆ ಕರೆ ಮಾಡಿದರು ಅನ್ನೋ ದಾಖಲೆ) ತೆಗೆಸುವ ಅಧಿಕಾರ ಖಾಸಗಿಯವರಿಗೆ ಇಲ್ಲ, ಕೊಡ್ತೀನಿ ಅಂದರೆ ಅದೇ ಒಂದು ಅಪರಾಧ ಅಂದರು. ಇಂಥ ಹೊತ್ತಲ್ಲಿ ಮನಸ್ಸು ಯಾರ ಕಾಲು ಬೇಕಾದರೂ ಹಿಡಿಯುತ್ತೆ. ನಾವು ದುಡ್ಡು ಕಳಿಸಲಿಲ್ಲ, ಅಷ್ಟು ಬುದ್ಧಿ ಇತ್ತು.

ಆದರೆ ಅದಕ್ಕಿಂತ ದೊಡ್ಡ ತಪ್ಪು ಅದೇ ಮಧ್ಯಾಹ್ನ ನಡೆಯಿತು. ಎರಡು ಗಂಟೆಗೆ ಅವರು ಚಿಕ್ಕಮಾವನಿಗೆ ನೇರವಾಗಿ ಫೋನ್ ಮಾಡಿದ್ದರು. ಮಾವನವರ ಮೊಬೈಲಿನಲ್ಲಿ ನಂಬರ್ ಇತ್ತಲ್ಲ. ಈಗಲೇ ಎಂಟು ಲಕ್ಷ ಕೊಟ್ಟರೆ ಸಂಜೆಗೆ ಬಿಟ್ಟುಬಿಡ್ತೀವಿ ಅಂದಿದ್ದಾರೆ. ಚಿಕ್ಕಮಾವ ಯಾರಿಗೂ ಹೇಳಲಿಲ್ಲ. ಬೀರುವಿನಲ್ಲಿ ಉಳಿದಿದ್ದ ಹಣದಲ್ಲಿ ಎಂಟು ಲಕ್ಷ ತಗೊಂಡು, ಮಂಡಿಗೆ ಹೋಗಿ ಬರ್ತೀನಿ ಅಂತ ಸ್ಕೂಟರ್ ಹತ್ತಿ, ಶ್ರೀನಿವಾಸಪುರ ರಸ್ತೆಯ ಒಂದು ಮೋರಿಯ ಕೆಳಗೆ ಚೀಲ ಇಟ್ಟು ಬಂದಿದ್ದಾರೆ. ಸಂಜೆ ಆಯಿತು, ಕತ್ತಲಾಯಿತು, ಅಣ್ಣ ಬರಲಿಲ್ಲ. ಎಂಟು ಗಂಟೆಗೆ ನನಗೆ ಬಂದ ಕರೆಯಲ್ಲಿ ಆ ಮನುಷ್ಯನ ದನಿಯೇ ಬದಲಾಗಿತ್ತು. ಬೆಳಗ್ಗೆ ಎಪ್ಪತ್ತೆರಡು ಅಂದವನು ಈಗ ಒಂದೂವರೆ ಕೋಟಿ ಅಂದ. ನನಗೆ ಯಾಕೆ ಅಂತ ತಿಳಿಯಲಿಲ್ಲ. ಐಒಗೂ ತಿಳಿಯಲಿಲ್ಲ. ಚಿಕ್ಕಮಾವ ಮೂಲೆಯಲ್ಲಿ ಕೂತು ಬೆವರುತ್ತಿದ್ದರು.

ಅವತ್ತು ರಾತ್ರಿ ಅಡುಗೆಮನೆಯಲ್ಲಿ ನಾನು, ಪಿಎಸ್‌ಐ ಮೇಡಂ ಇಬ್ಬರೇ. ಎರಡು ದಿನದಿಂದ ಮನೆಯಲ್ಲಿ ಒಲೆ ಸರಿಯಾಗಿ ಹತ್ತಿರಲಿಲ್ಲ. ಅವರೇ ಅವರೆಕಾಳು ಸುಲಿದು ಸಾರಿಗೆ ಇಟ್ಟಿದ್ದರು. ನಾನು ಮುದ್ದೆಗೆ ಹಿಟ್ಟು ಹಾಕಿ ತಿರುವುತ್ತಿದ್ದೆ. ಮಾವನವರಿಗೆ ರಾತ್ರಿ ಮುದ್ದೆ ಆಗಲೇಬೇಕು. ಮಾತ್ರೆ ಇಲ್ಲದೆ ಎರಡನೇ ರಾತ್ರಿ ಇದು ಅಂತ ನೆನಪಾಗಿ ಕೋಲು ಕೈಯಿಂದ ಜಾರಿತು. ಮೇಡಂ ಕೋಲು ತಗೊಂಡು ತಾವೇ ತಿರುವಿದರು, ಏನೂ ಕೇಳಲಿಲ್ಲ. ಅವರು ಏನೂ ಕೇಳದೇ ಇದ್ದದ್ದಕ್ಕೇ ನನಗೆ ತಡೆಯೋಕಾಗಲಿಲ್ಲ. ‘ಅಕ್ಕ, ಎಪ್ಪತ್ತೆರಡು ಅಂದ್ರೆ ಏನು ಅಂತ ನನಗೆ ಗೊತ್ತು’ ಅಂದೆ.

ಹತ್ತೂವರೆಗೆ ಐಒ ಮತ್ತೆ ಬಂದರು. ಎಲ್ಲ ಹೇಳಿದೆ. ನಮ್ಮ ಯಜಮಾನರು ‘ಟ್ಯಾಕ್ಸ್ ವಿಷಯ ಸಾರ್...’ ಅಂದಾಗ, ‘ನಾನು ಟ್ಯಾಕ್ಸ್‌ನವನಲ್ಲ. ದಾಖಲೆಯಲ್ಲಿ ಇದು ಬಂದೇ ಬರುತ್ತೆ, ಬರಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಮೊದ್ಲು ನಿಮ್ಮ ತಂದೆ ಬರ್ಲಿ’ ಅಂದರು. ಆಮೇಲೆ ಕೇಳಿದ್ದು ಒಂದೇ: ಈ ಮೊತ್ತ ಯಾರ್‍ಯಾರಿಗೆ ಗೊತ್ತು? ಕೊಂಡವರಿಗೆ, ದಲ್ಲಾಳಿಗೆ, ಪತ್ರ ಬರೆದವರಿಗೆ ಅಂದೆವು. ಅವರು ತಲೆ ಆಡಿಸಿ, ಕೊಂಡವರು ಕೊಟ್ಟದ್ದು ಎಷ್ಟು ಅಂದರು. ಎಪ್ಪತ್ತನಾಲ್ಕು. ಅದರಲ್ಲಿ ಎರಡು ಲಕ್ಷ ದಲ್ಲಾಳಿ ಅಲ್ಲೇ ಕಮಿಷನ್ ಹಿಡಿದುಕೊಂಡಿದ್ದ. ‘ಹಾಗಾದ್ರೆ ದಲ್ಲಾಳಿ ಕಡೆಯವನು ಬಾಯಿ ಬಿಟ್ಟಿದ್ರೆ ಎಪ್ಪತ್ತನಾಲ್ಕು ಅಂತಿದ್ದ. ಪತ್ರ ಬರೆದವನಿಗೆ ಇಪ್ಪತ್ತು ಮಾತ್ರ ಗೊತ್ತು. ಎಪ್ಪತ್ತೆರಡು ಅನ್ನೋ ಅಂಕಿ ಹುಟ್ಟಿದ್ದು ಈ ಮನೆ ಒಳಗೆ. ಎಣಿಸಿದ್ದು ಯಾರು?’

ಎಣಿಸಿದ್ದು ಮೆಷಿನ್. ಅಡ್ವಾನ್ಸ್ ಬಂದ ರಾತ್ರಿ ಪಕ್ಕದ ಮಂಡಿಯಿಂದ ನೋಟು ಎಣಿಸುವ ಮೆಷಿನ್ ತರಿಸಿದ್ದೆವು. ಅದನ್ನು ಬೈಕಿನಲ್ಲಿ ತಂದ ಹುಡುಗ, ಹತ್ತೊಂಬತ್ತು ವರ್ಷದವನು, ಮೆಷಿನ್ ಸಿಕ್ಕಿಹಾಕಿಕೊಂಡಿತು ಅಂತ ಒಳಗೆ ಬಂದು ಸರಿ ಮಾಡಿಕೊಟ್ಟು, ಮುಗಿಯೋ ತನಕ ಜಗಲಿಯಲ್ಲಿ ಕೂತಿದ್ದ. ಕೊನೆಯ ಅಂಕಿ ಅವನು ನೋಡಿದ್ದ. ನಾನೇ ಅವನಿಗೆ ಕಾಫಿ ಕೊಟ್ಟಿದ್ದೆ. ನಮಗೆ ಯಾರಿಗೂ ಅವನು ಆ ಪಟ್ಟಿಯಲ್ಲಿ ನೆನಪೇ ಆಗಿರಲಿಲ್ಲ.

ಆಗ ಚಿಕ್ಕಮಾವ ಎದ್ದು ನಿಂತು ಎಂಟು ಲಕ್ಷದ ವಿಷಯ ಹೇಳಿದರು. ಐಒ ಸಿಟ್ಟಾಗಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ಹೊರಗೆ ಹೋಗಿ, ಐದು ನಿಮಿಷ ಕತ್ತಲಲ್ಲಿ ನಿಂತು ಒಳಗೆ ಬಂದರು. ‘ಆ ಮೋರಿ ಎಲ್ಲಿದೆ, ತೋರಿಸಿ’ ಅಂದರು. ಮೋರಿಗೆ ಸ್ವಲ್ಪ ದೂರದಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ. ಮಾಲೀಕರನ್ನು ನಡುರಾತ್ರಿ ಎಬ್ಬಿಸಿ ಸಿಸಿಟಿವಿ ನೋಡಿದರು. ನಾಲ್ಕೂ ಹತ್ತಕ್ಕೆ ಚಿಕ್ಕಮಾವನ ಸ್ಕೂಟರ್ ಆ ಕಡೆ ಹೋಗಿದೆ, ಅರ್ಧ ಗಂಟೆ ಬಿಟ್ಟು ಒಂದು ಬೈಕ್ ಅದೇ ಕಡೆ ಹೋಗಿ ಚೀಲ ಸಮೇತ ಬಂದಿದೆ. ಒಂದು ಗಂಟೆ ಹೊತ್ತಿಗೆ ಮೆಷಿನ್ ಹುಡುಗನನ್ನು ಮನೆಯಿಂದ ಕರೆತಂದರು. ವಿಡಿಯೋ ತೋರಿಸಿದರೆ ಅವನು ಅಳುತ್ತಾ, ‘ಇದು ನಮ್ಮ ಭಾವನ ಗಾಡಿ’ ಅಂದನಂತೆ. ಇಷ್ಟು ದುಡ್ಡು ನನ್ನ ಜೀವನದಲ್ಲಿ ನೋಡಿರಲಿಲ್ಲ ಅಂತ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ್ದಂತೆ, ಅಷ್ಟೇ ಅವನು ಮಾಡಿದ್ದು. ಭಾವನ ಫೋನು ರಾಯಲ್ಪಾಡು ಕಡೆಯ ಟವರ್‌ನಲ್ಲಿತ್ತು. ಮದನಪಲ್ಲಿಗೆ ಹೋಗುವ ದಾರಿ ಅದು, ಗಡಿ ದಾಟಿದರೆ ಆಂಧ್ರ.

ಈ ಯಾವ ವಿಷಯವೂ ಆಗ ನಮಗೆ ಹೇಳಲಿಲ್ಲ. ನಾವು ಹಾಲ್‌ನಲ್ಲಿ ಕೂತಿದ್ದೆವು, ಗಡಿಯಾರ ನೋಡುತ್ತಾ. ಮೂರು ಗಂಟೆ. ನಾಲ್ಕು. ಮಸೀದಿಯಲ್ಲಿ ಅಜಾನ್ ಆಯಿತು. ಆರು ಇಪ್ಪತ್ತಕ್ಕೆ ಮೇಡಂ ಫೋನ್ ಬಡಿಯಿತು. ಅವರು ಕೇಳಿಸಿಕೊಂಡು ಅತ್ತೆಯ ಕೈಗೆ ಫೋನ್ ಕೊಟ್ಟರು. ಆ ಕಡೆಯಿಂದ ಮಾವನವರ ದನಿ. ‘ಮಾತ್ರೆ ತಗೊಂಡ್ಯಾ?’ ಅಂತ ಅವರು ಅತ್ತೆಯನ್ನು ಕೇಳಿದರು. ಸುಗ್ಗಿ ಮುಗಿದು ಖಾಲಿಯಾಗಿದ್ದ ಒಂದು ಮಾವಿನ ತೋಪಿನ ಶೆಡ್ಡಿನಲ್ಲಿ, ಕಾಯಿ ತುಂಬುವ ಪ್ಲಾಸ್ಟಿಕ್ ಕ್ರೇಟುಗಳ ಹಿಂದೆ ಕಟ್ಟಿ ಹಾಕಿದ್ದರಂತೆ. ಮೂವರು ಸಿಕ್ಕಿದರು, ಹಣದಲ್ಲಿ 6.40 ಲಕ್ಷ ಸಿಕ್ಕಿತು. ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ನಾವು ಎಪ್ಪತ್ತೆರಡರ ಅರ್ಥ ಹೇಳಿದ್ದರೆ ಮಾವನವರಿಗೆ ಆ ಎರಡನೇ ರಾತ್ರಿ ಇರುತ್ತಿರಲಿಲ್ಲ. ಹದಿಮೂರು ಗಂಟೆ ತಡ ಮಾಡಿದ್ದು ನಾವು.

ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಕಾಗದದ ಕೆಲಸ ಶುರುವಾಗಿದ್ದೇ ಆಮೇಲೆ.

ಮನೆಗೆ ಬರುವ ಮೊದಲು ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಕ್ಕರೆ 412 ಇತ್ತು. ಕೈ ಮೇಲಿನ ಹಗ್ಗದ ಗಾಯವನ್ನೂ ಬರೆದುಕೊಂಡರು. ಆ ವೈದ್ಯಕೀಯ ವರದಿ ಬೇಕೇ ಬೇಕು, ಹಾಗಾಗಿ ಮನೆಗೆ ಬಂದು ಸ್ನಾನ ಮಾಡಿಸಿ, ಬಟ್ಟೆ ಒಗೆದು, ಆಮೇಲೆ ಹೋಗ್ತೀವಿ ಅನ್ನಬೇಡಿ. ಹಾಕಿದ್ದ ಬಟ್ಟೆಯನ್ನೂ ಸಾಕ್ಷ್ಯಕ್ಕೆ ತಗೊಂಡರು, ಬೇರೆ ಜೊತೆ ಒಯ್ದಿರಿ.

ಅದೇ ದಿನ ಯಾರೋ ತೆಗೆದ ವಿಡಿಯೋ ವಾಟ್ಸಾಪಿನಲ್ಲಿ ಓಡಾಡತೊಡಗಿತು. ಆರೋಪಿಗಳ ಮುಖ ಕಾಣುತ್ತಿತ್ತು. ಐಒ ಫೋನ್ ಮಾಡಿ, ಮಾವನವರಿಗೆ ಅದನ್ನು ತೋರಿಸಲೇಬೇಡಿ ಅಂದರು. ಗುರುತು ಪತ್ತೆ ಪರೇಡ್, ಅಂದರೆ ಸಾಲಾಗಿ ನಿಲ್ಲಿಸಿದವರಲ್ಲಿ ಆರೋಪಿ ಯಾರು ಅಂತ ಗುರುತಿಸೋದು, ಇನ್ನೂ ಆಗಿರಲಿಲ್ಲ. ಮೊದಲೇ ಮುಖ ನೋಡಿದ್ದರು ಅಂತಾದರೆ ಪರೇಡಿಗೆ ಬೆಲೆ ಇರಲ್ಲ. ಹತ್ತು ದಿನ ಮಾವನವರ ಕೈಗೆ ಫೋನ್ ಕೊಡಲಿಲ್ಲ, ಟಿವಿ ಹಾಕಲಿಲ್ಲ, ನೋಡೋಕೆ ಬಂದವರಿಗೆಲ್ಲ ಬಾಗಿಲಲ್ಲೇ ಹೇಳುತ್ತಿದ್ದೆ. ಪರೇಡ್ ತಹಶೀಲ್ದಾರರ ಮುಂದೆ ಜೈಲಿನಲ್ಲಿ ನಡೆಯಿತು. ಅಲ್ಲಿ ಪೊಲೀಸರು ಹತ್ತಿರ ಇರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ್ದರೂ ಊಟಕ್ಕೆ ಬಿಚ್ಚಿದ್ದಾಗ ಇಬ್ಬರ ಮುಖ ನೋಡಿದ್ದರು. ಆ ಇಬ್ಬರನ್ನೂ ಗುರುತಿಸಿದರು.

ಅದಕ್ಕಿಂತ ಕಷ್ಟ ಆಗಿದ್ದು ಸ್ಥಳ ಮಹಜರು. ಆ ಶೆಡ್ಡಿಗೆ ಅವರನ್ನೇ ಕರೆದುಕೊಂಡು ಹೋಗಿ ಎಲ್ಲಿ ಕೂರಿಸಿದ್ದರು, ಎಲ್ಲಿ ಕಟ್ಟಿದ್ದರು ಅಂತ ತೋರಿಸಬೇಕಿತ್ತು. ಪಂಚರು, ಅಂದರೆ ಮಹಜರಿಗೆ ಸಾಕ್ಷಿಯಾಗಿ ನಿಲ್ಲುವವರು, ಇರುತ್ತಾರೆ, ವಿಡಿಯೋ ಮಾಡುತ್ತಾರೆ. ಬಾಗಿಲ ಹತ್ತಿರ ಮಾವನವರ ಕಾಲು ನಿಂತುಬಿಟ್ಟಿತು. ಐಒ ಕುರ್ಚಿ ತರಿಸಿ, ‘ಅವಸರ ಇಲ್ಲ ಯಜಮಾನರೇ, ಸಾಯಂಕಾಲದವರೆಗೂ ಇರೋಣ’ ಅಂದರು. ಮನೆಯವರು ಒಬ್ಬರು ಜೊತೆಗೆ ಹೋಗಿ, ನೀರು, ಮಾತ್ರೆ ಇಟ್ಟುಕೊಂಡು.

ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆಗೆ ಎಲ್ಲರೂ ಇನ್ನೂ 164 ಅಂತಲೇ ಅನ್ನುತ್ತಾರೆ, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 183ನೇ ಸೆಕ್ಷನ್. ಬೆಳಗ್ಗೆ ಹತ್ತೂವರೆಗೆ ಹೋದವರು ಒಳಗೆ ಹೋಗಿದ್ದು ಮೂರು ಗಂಟೆಗೆ. ಊಟ ಕಟ್ಟಿಕೊಂಡು ಹೋಗಿ.

ಈಗ ಫೋನಿನ ವಿಷಯ. ಕರೆಗಳೆಲ್ಲ ನನ್ನ ಫೋನಿನಲ್ಲಿ ರೆಕಾರ್ಡ್ ಆಗಿದ್ದರಿಂದ ಅದನ್ನು ಜಪ್ತಿ ಮಾಡಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್‌ಗೆ ಕಳಿಸಿದರು. ಕೋರ್ಟಿಗೆ ಇಂಥ ರೆಕಾರ್ಡಿಂಗ್ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಪ್ರಮಾಣಪತ್ರ ಬೇಕು, ಅದಕ್ಕೆ ನಾನೂ ಸಹಿ ಹಾಕಿದೆ. ನನ್ನ ದನಿಯ ಮಾದರಿಯನ್ನೂ ತಗೊಂಡರು. ಫೋನ್ ಕೊಡೋ ಮುಂಚೆ ಮಾಡಬೇಕಾದ್ದನ್ನು ನಾನು ಮಾಡಲಿಲ್ಲ. ಬ್ಯಾಂಕಿನ ಓಟಿಪಿ, ಯುಪಿಐ, ಮಗಳ ಸ್ಕೂಲಿನ ಆ್ಯಪ್, ಗ್ಯಾಸ್ ಬುಕಿಂಗ್ ಎಲ್ಲ ಅದೇ ನಂಬರಿನಲ್ಲಿ. ಸಿಮ್ ಕೂಡ ಅದರಲ್ಲೇ ಹೋಯಿತು. ಡೂಪ್ಲಿಕೇಟ್ ಸಿಮ್ ತಗೊಳ್ಳುವ ಮುಂಚೆ ಐಒ ಅವರನ್ನು ಕೇಳಿ, ಆಧಾರ್ ತೋರಿಸಿ ತಗೊಂಡೆ. ನಾಲ್ಕು ದಿನ ಹಿಡಿಯಿತು. ನಿಮಗೆ ಟೈಮ್ ಸಿಕ್ಕರೆ ಮುಖ್ಯವಾದ ನಂಬರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆದರೆ ಫೋನಿನಲ್ಲಿ ಯಾವುದನ್ನೂ ಅಳಿಸಬೇಡಿ, ಮನೆಯ ಫೋಟೋ ಕೂಡ.

ಹಣದ ಕಥೆ ಇನ್ನೂ ಉದ್ದ. ಸಿಕ್ಕ 6.40 ಲಕ್ಷ ಮುದ್ದೆಮಾಲು ಆಯಿತು, ಅಂದರೆ ಕೋರ್ಟಿನ ವಶದಲ್ಲಿರುವ ಕೇಸಿನ ಸ್ವತ್ತು. ಬಿಡಿಸಿಕೊಳ್ಳೋಕೆ ಅರ್ಜಿ ಹಾಕಬೇಕು. ಹೊಸ ಕಾನೂನಿನಲ್ಲಿ ವಸ್ತುಗಳ ಫೋಟೋ, ವಿಡಿಯೋ ತೆಗೆದು ಬೇಗ ವಿಲೇವಾರಿ ಮಾಡಬೇಕು ಅಂತ ದಿನಗಳ ಲೆಕ್ಕ ಇದೆ. ನಮಗೆ ಆರು ತಿಂಗಳು ಹಿಡಿಯಿತು, ಅದರಲ್ಲಿ ಎರಡು ತಿಂಗಳು ನಮ್ಮದೇ ತಪ್ಪಿಗೆ. ಮೊದಲ ಅರ್ಜಿಯನ್ನು ಚಿಕ್ಕಮಾವನ ಹೆಸರಿನಲ್ಲಿ ಹಾಕಿದೆವು, ಆದರೆ ಹಣ ಮಾವನವರದು. ಹಣ ಎಲ್ಲಿಂದ ಬಂತು ಅನ್ನೋ ಪ್ರಶ್ನೆಗೆ ಕಾಗದ ಇರಲಿಲ್ಲ. ಆಗ ಆಡಿಟರ್ ಹತ್ತಿರ ಹೋಗಿ ಇಡೀ 72 ಲಕ್ಷವನ್ನು ಲೆಕ್ಕಕ್ಕೆ ತಂದು ತೋರಿಸಿದೆವು. ತೆರಿಗೆ ಕಟ್ಟಿದೆವು, ದಂಡದ ವಿಚಾರಣೆ ಇನ್ನೂ ನಡೆಯುತ್ತಿದೆ. ಬಾಂಡ್ ಬರೆದುಕೊಟ್ಟ ಮೇಲೆ ಹಣ ಕೈಗೆ ಬಂತು.

ಖರ್ಚು ಕೇಳುವವರಿಗೆ: ವಕೀಲರಿಗೆ ಇಲ್ಲಿಯ ತನಕ 65,000. ಆಡಿಟರಿಗೆ 30,000. ಮನೆ, ಮಂಡಿ, ತೋಟಕ್ಕೆ ಕ್ಯಾಮೆರಾ 48,000. ಮಾವನವರಿಗೆ ನಿದ್ದೆ ಬರುತ್ತಿರಲಿಲ್ಲ, ಮನೋವೈದ್ಯರ ಹತ್ತಿರ ಹೋದೆವು, ಅದಕ್ಕೆ ತಿಂಗಳಿಗೆ ಸುಮಾರು ಎರಡು ಸಾವಿರ. ಊರಲ್ಲಿ ಏನಂದುಕೊಳ್ಳುತ್ತಾರೋ ಅಂತ ಮೊದಲು ಮೂರು ತಿಂಗಳು ಹೋಗಲಿಲ್ಲ. ಹೋದ ಮೇಲೆ ಅವರು ರಾತ್ರಿ ಗೇಟಿನ ಸದ್ದಿಗೆ ಎದ್ದು ಕೂರೋದು ಕಮ್ಮಿಯಾಗಿದೆ. ಪೊಲೀಸರಿಗೆ ಒಂದು ರೂಪಾಯಿ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಪಿಎಸ್‌ಐ ಮೇಡಂಗೆ ಅತ್ತೆ ಸೀರೆ ಕೊಡೋಕೆ ಹೋದರೆ ತಗೊಳ್ಳಲಿಲ್ಲ, ಅವರೆಕಾಯಿ ಮಾತ್ರ ತಗೊಂಡು ಹೋದರು.

ಇಂಥ ಕೇಸಿನಲ್ಲಿ ಆರೋಪಿಗಳು ಬಂಧನದಲ್ಲಿದ್ದರೆ 90 ದಿನದೊಳಗೆ ಆರೋಪಪಟ್ಟಿ ಹಾಕಬೇಕು. ಇಲ್ಲ ಅಂದರೆ ಅವರಿಗೆ ಜಾಮೀನಿನ ಹಕ್ಕು ಬರುತ್ತೆ. ನಾವು ದಿನ ಎಣಿಸುತ್ತಿದ್ದೆವು. 86ನೇ ದಿನ ಹಾಕಿದರು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತಲೂ ಈಗ ಕಾನೂನಿದೆ, ಕೇಳೋಕೆ ಸಂಕೋಚ ಬೇಡ. ನಮ್ಮ ಪರ ವಕೀಲರು ಇದ್ದದ್ದರಿಂದ ಆರೋಪಪಟ್ಟಿಯ ಪ್ರತಿ ನಮಗೂ ಸಿಕ್ಕಿತು. ಸರ್ಕಾರಿ ವಕೀಲರೇ ಕೇಸು ನಡೆಸುತ್ತಾರೆ, ನಮ್ಮ ವಕೀಲರು ಅವರಿಗೆ ಸಹಾಯ ಮಾಡಬಹುದು, ಅಷ್ಟೇ.

ಮೆಷಿನ್ ಹುಡುಗ ಆರೋಪಿ ಅಲ್ಲ, ಸಾಕ್ಷಿ. ತನ್ನ ಭಾವನ ವಿರುದ್ಧವೇ ಅವನು ಸಾಕ್ಷಿ ಹೇಳಬೇಕು. ಅವನ ಅಕ್ಕ ಈಗ ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಾಳೆ. ಅವನನ್ನು ಆ ಮಂಡಿಯವರು ಕೆಲಸದಿಂದ ತೆಗೆದರು. ಯುಗಾದಿ ಆದ ಮೇಲೆ ಒಂದು ದಿನ ತಾಯಿಯ ಜೊತೆ ನಮ್ಮ ಮನೆಗೆ ಬಂದಿದ್ದ. ಗೇಟಿನ ಹೊರಗೇ ನಿಂತಿದ್ದರು. ಚಿಕ್ಕಮಾವ ಒಳಗೆ ಬಿಡಬೇಡಿ ಅಂದರು. ನಾನು ವಕೀಲರಿಗೆ ಫೋನ್ ಮಾಡಿ ಕೇಳಿದೆ. ಸಾಕ್ಷಿಯ ಜೊತೆ ಕೇಸಿನ ವಿಷಯ ಒಂದು ಅಕ್ಷರವೂ ಮಾತಾಡಬಾರದು, ಆಮೇಲೆ ನಾವು ಹೇಳಿಕೊಟ್ಟೆವು ಅಂತ ಆಗುತ್ತೆ ಅಂದರು. ಅದನ್ನು ಮಾವನವರಿಗೆ ಹೇಳಿದೆ. ಅವರು ಎದ್ದು ಹೋಗಿ ಗೇಟು ತೆಗೆದು, ಆ ತಾಯಿಯನ್ನು ಜಗಲಿಯಲ್ಲಿ ಕೂರಿಸಿ, ‘ಕಾಫಿ ಕುಡಿದು ಹೋಗಿ, ಮಾತು ಬೇಡ’ ಅಂದರು. ಮೂವರೂ ಮಾತಿಲ್ಲದೆ ಕಾಫಿ ಕುಡಿದರು. ನಾನು ಅದೇ ಲೋಟದಲ್ಲಿ ಕೊಟ್ಟೆ, ಬೇರೆ ಇರಲಿಲ್ಲ.

ಮುಂದಿನ ತಿಂಗಳು ಸೆಷನ್ಸ್ ಕೋರ್ಟಿನಲ್ಲಿ ಮಾವನವರ ಸಾಕ್ಷಿ ಇದೆ, ಮರುದಿನ ನನ್ನದು. ಸಮನ್ಸ್ ದೇವರ ಮನೆಯ ಕಪಾಟಿನಲ್ಲಿದೆ. ಮಾವನವರು ಬೆಳಗ್ಗೆ ಐದು ಗಂಟೆಗೆ ಮತ್ತೆ ತೋಟಕ್ಕೆ ಹೋಗುತ್ತಿದ್ದಾರೆ, ಜೊತೆಗೆ ನಮ್ಮ ಯಜಮಾನರು. ಮಾತ್ರೆಯ ಒಂದು ಡಬ್ಬಿ ಈಗ ಕಾರಿನಲ್ಲೇ ಇರುತ್ತೆ.